ಆ್ಯಂಟಿವೈರಸ್‌ಗೆ ದುಡ್ಡು ಕೊಡುವ ಮುನ್ನ

ತಮ್ಮಾ, ತಂಗೀ,

ಗೋವಾದ ವಾಸ್ಕೊ, ಜುವಾರಿನಗರ, ಮಡಗಾಂವ್, ಮಾಪುಸಾದ ನಮ್ಮ ಕನ್ನಡದ ಮನೆಗಳಿಗೆ ಕಂಪ್ಯೂಟರ್ ಸುಲಭವಾಗಿ ಬಂದಿಲ್ಲ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದು ಗಾರೆ ಕೆಲಸ, ಬಂದರಿನ ಕೆಲಸ ಮಾಡಿದವರು ಕೂಡಿಟ್ಟ ದುಡ್ಡಿನಲ್ಲಿ ಬಂದದ್ದು ಅದು. ಹಾಗಾಗಿ ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿಯವರು "ಆ್ಯಂಟಿವೈರಸ್ ಹಾಕಿಕೊಡಲಾ?" ಎಂದರೆ, ಹೂಂ ಅನ್ನುವ ಮೊದಲು ನನ್ನ ನಾಲ್ಕು ಮಾತು ಕೇಳಿ.

ಕಾವಲು ನಿಮ್ಮ ಯಂತ್ರದೊಳಗೆ ಆಗಲೇ ಇದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ವೈರಸ್ ತಡೆಯುವ ಡಿಫೆಂಡರ್ ವಿಂಡೋಸ್ ಜೊತೆಯಲ್ಲೇ ಬರುತ್ತದೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ನಡೆಸುವ ಪರೀಕ್ಷೆಗಳಲ್ಲಿ ಈಚಿನ ವರ್ಷಗಳಲ್ಲಿ ಅದು ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶಗಳ ಸಾಲಿನಲ್ಲೇ ನಿಂತಿದೆ. ಸ್ಟಾರ್ಟ್ ಒತ್ತಿ 'ವಿಂಡೋಸ್ ಸೆಕ್ಯೂರಿಟಿ' ತೆರೆದು ನೋಡಿ. ಹಸಿರು ಗುರುತು ಇದ್ದರೆ ಕಾವಲು ಕೆಲಸ ಮಾಡುತ್ತಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ಬೇರೆ ಕಂಪನಿಯ ಟ್ರಯಲ್ ಇದ್ದರೆ ಡಿಫೆಂಡರ್ ಪಕ್ಕಕ್ಕೆ ಸರಿದಿರುತ್ತದೆ. ಅವಧಿ ಮುಗಿದ ಟ್ರಯಲ್ ಅನ್ನು ಹಾಗೇ ಬಿಡಬೇಡಿ, ಪೂರ್ತಿ ತೆಗೆದುಹಾಕಿ, ಹಸಿರು ಗುರುತು ಮರಳಿದೆಯೇ ನೋಡಿ.

ಓದು, ಅರ್ಜಿ, ಸಿನಿಮಾ, ಬ್ಯಾಂಕಿನ ವ್ಯವಹಾರ ಇಷ್ಟೇ ನಿಮ್ಮ ಬಳಕೆಯಾದರೆ ಈ ಕಾವಲು ಸಾಕು. ಆದರೆ ಅದು ಬಲವಾಗಿರುವುದು ನೀವು ಅಪ್‌ಡೇಟ್ ಮಾಡಿದರೆ ಮಾತ್ರ. 2017ರ ಮೇ 12ರಂದು ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳೂ ಸೇರಿ ಸುಮಾರು ನೂರೈವತ್ತು ದೇಶಗಳಲ್ಲಿ ಕಡತಗಳಿಗೆ ಬೀಗ ಬಿತ್ತು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. 'ಆಮೇಲೆ ಮಾಡೋಣ' ಅಂದವರೇ ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಯಂತ್ರಕ್ಕೆ ತಾಕತ್ತಿದ್ದರೆ 11ಕ್ಕೆ ಹೋಗಿ, ಇಲ್ಲದಿದ್ದರೆ ಉಬುಂಟುವಿನಂಥ ಲಿನಕ್ಸ್ ಹಾಕಿಸಿಕೊಳ್ಳಿ. ತೇಪೆಯಿಲ್ಲದ ವಿಂಡೋಸ್ ಮೇಲೆ ದುಬಾರಿ ಆ್ಯಂಟಿವೈರಸ್ ಹಾಕಿ ನೆಮ್ಮದಿಯಾಗಿರಬೇಡಿ.

ಲೈಸೆನ್ಸ್ ಮುರಿದು ಹಂಚುವ ಕ್ರ್ಯಾಕ್ ತಂತ್ರಾಂಶದ ಗೊಡವೆಗೆ ಹೋಗಬೇಡಿ. ಹಾಕುವ ಮೊದಲು ಅದು ಏನು ಹೇಳುತ್ತದೆ ಗಮನಿಸಿದ್ದೀರಾ? "ಮೊದಲು ಆ್ಯಂಟಿವೈರಸ್ ಆಫ್ ಮಾಡಿ." ಕಾವಲುಗಾರನನ್ನು ಕಳಿಸಿ ಒಳಗೆ ಬರುವವನು ಎಂಥವನೆಂದು ನೀವೇ ಯೋಚಿಸಿ. ಪೆನ್‌ಡ್ರೈವ್ ಬಗ್ಗೆಯೂ ಎಚ್ಚರ. ಅಡ್ಮಿಷನ್ ದಿನಗಳಲ್ಲಿ ಝೆರಾಕ್ಸ್ ಅಂಗಡಿಯ ಒಂದೇ ಕಂಪ್ಯೂಟರಿಗೆ ಊರಿನವರ ಪೆನ್‌ಡ್ರೈವ್‌ಗಳೆಲ್ಲ ಹೋಗಿಬರುತ್ತವೆ. ಮನೆಗೆ ಬಂದು ತೆರೆದಾಗ ಫೋಲ್ಡರುಗಳ ಮೂಲೆಯಲ್ಲಿ ಪುಟ್ಟ ಬಾಣದ ಗುರುತು ಕಂಡರೆ ಅವು ಶಾರ್ಟ್‌ಕಟ್‌ಗಳು. ನಿಮ್ಮ ನಿಜವಾದ ಕಡತಗಳನ್ನು ವೈರಸ್ ಬಚ್ಚಿಟ್ಟಿರಬಹುದು. ಕ್ಲಿಕ್ ಮಾಡದೆ ಮೊದಲು ಸ್ಕ್ಯಾನ್ ಮಾಡಿ. ನಮ್ಮ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಶುಚಿಗೊಳಿಸುವ ಉಪಕರಣಗಳು ಉಚಿತವಾಗಿಯೇ ಸಿಗುತ್ತವೆ.

ಹಾಗಾದರೆ ದುಡ್ಡು ಯಾರು ಕೊಡಬೇಕು? ಬೇರೆಯವರ ಕಾಗದಪತ್ರ ಇಟ್ಟುಕೊಂಡವರು. ಕಲಂಗೂಟಿನ ಕಡೆ ಗೆಸ್ಟ್‌ಹೌಸ್ ನೋಡಿಕೊಳ್ಳುವವರು ವಿದೇಶಿ ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕು. ಅವರ ಕಂಪ್ಯೂಟರಿನಲ್ಲಿ ನೂರಾರು ಜನರ ಪಾಸ್‌ಪೋರ್ಟ್ ಪ್ರತಿಗಳಿರುತ್ತವೆ. ತೆರಿಗೆ ಸಲ್ಲಿಸಿಕೊಡುವವರು, ನಾಲ್ಕಾರು ಕಂಪ್ಯೂಟರ್ ಇಟ್ಟು ಅಂಗಡಿ ನಡೆಸುವವರೂ ಅಷ್ಟೇ. ಎಲ್ಲ ಯಂತ್ರಗಳನ್ನೂ ಒಂದೆಡೆಯಿಂದ ನೋಡುವ, ತೊಂದರೆಯಾದಾಗ ಫೋನಿನಲ್ಲಿ ಸಹಾಯ ಸಿಗುವ ವ್ಯವಸ್ಥೆಗೆ ಅವರು ದುಡ್ಡು ಕೊಟ್ಟರೆ ಅದು ದಂಡವಲ್ಲ. ಆದರೆ ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗದೆ ಎರಡನೇ ವರ್ಷದ ಬೆಲೆ ಕೇಳಿ. ಆಟೋ ರಿನ್ಯೂವಲ್ ಬೇಡದಿದ್ದರೆ ಅಂದೇ ಆಫ್ ಮಾಡಿ.

ಉಳಿದವರು ಆ ದುಡ್ಡನ್ನು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಕೂಡಿಹಾಕಿ. ಮಾರ್ಕ್ಸ್‌ಕಾರ್ಡ್, ಮನೆಯ ಕಾಗದ, ಅಜ್ಜಿಯ ಫೋಟೊ ಎಲ್ಲದರ ಪ್ರತಿ ಅದರಲ್ಲಿರಲಿ. ಪ್ರತಿ ತೆಗೆದ ಮೇಲೆ ಡಿಸ್ಕ್ ಕಳಚಿಡಿ. ಸಿಕ್ಕಿಸಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿ ಪ್ರಯೋಜನವಿಲ್ಲ.

ಕೊನೆಯದಾಗಿ, ಯಾವ ಆ್ಯಂಟಿವೈರಸ್ಸೂ ನಿಮ್ಮ ಬಾಯಿಂದ ಹೊರಟ ಓಟಿಪಿಯನ್ನು ಹಿಂದಕ್ಕೆ ತರಲಾರದು. ಬ್ಯಾಂಕಿನವನೆಂದೋ ಪೊಲೀಸನೆಂದೋ ಹೇಳಿ ಫೋನ್ ಮಾಡಿದವನ ಮಾತು ಕೇಳಿ ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಕೊಳ್ಳಬೇಡಿ. ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಹೋದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಇದನ್ನು ಕಂಪ್ಯೂಟರ್ ಬಾರದ ನಿಮ್ಮ ಅಪ್ಪ-ಅವ್ವನಿಗೂ ಇವತ್ತೇ ಕೂರಿಸಿಕೊಂಡು ಹೇಳಿಕೊಡಿ. ಮನೆಯಲ್ಲಿ ಓದಿದವರು ನೀವು, ಈ ಹೊಣೆ ನಿಮ್ಮದೇ.