ಹರಳಿನ ರೂಪವೂ ಔಷಧದ ಗುಣವೂ

ಕಾಸಿದ ತುಪ್ಪವನ್ನು ಅಲುಗಿಸದೆ ಮೆಲ್ಲಗೆ ಆರಗೊಟ್ಟರೆ ಅದು ಮರಳು ಮರಳಾಗಿ ಹೆಪ್ಪುಗಟ್ಟುವದೆಂದೂ, ಬೇಗನೆ ತಣಿಸಿದರೆ ನುಣ್ಣಗಾಗುವದೆಂದೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಮನೆವಾರ್ತೆ ನಡಿಸುವವರೆಲ್ಲರೂ ಬಲ್ಲರು. ಸಕ್ಕರೆಯ ಪಾಕದಲ್ಲಿ ಕರಗದೆ ಉಳಿದ ಒಂದೆರಡು ಹರಳುಗಳಿಂದ ಪಾಕವೆಲ್ಲ ಹರಳುಗಟ್ಟುವದನ್ನೂ, ಅದನ್ನು ತಡೆಯಲು ನಿಂಬೆಯ ರಸ ಹಿಂಡುವದನ್ನೂ ಬಲ್ಲರು. ಔಷಧಗಳ ಕಾರ್ಖಾನೆಗಳಲ್ಲಿ ಇದೇ ಸಂಗತಿಯು ರೋಗಿಯ ಪ್ರಾಣಕ್ಕೆ ಸಂಬಂಧಪಟ್ಟದ್ದಾಗಿರುವದು. ಅದನ್ನು ಇಲ್ಲಿ ಸ್ವಲ್ಪ ವಿವರಿಸುವೆನು.

ಒಂದು ಪದಾರ್ಥದ ಅಣುಗಳು ಕ್ರಮವಾಗಿ ಸಾಲುಗಟ್ಟಿ ನಿಂತರೆ ಹರಳಾಗುವದು. ಆದರೆ ನಿಲ್ಲುವ ಕ್ರಮವು ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಸೀಸದಕಡ್ಡಿಯ ಕರಿಯ ಪುಡಿಯೂ ವಜ್ರವೂ ಇಂಗಾಲವೇ ಎಂಬದನ್ನು ತರಗತಿಯಲ್ಲಿ ಓದಿದ್ದೀರಿ. ಔಷಧಗಳಲ್ಲಿಯೂ ಹೀಗೆಯೇ ಒಂದೇ ಪದಾರ್ಥಕ್ಕೆ ಎರಡು, ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು ಹರಳುರೂಪಗಳುಂಟು. ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವ ರೂಪವು ಹೆಚ್ಚು ಸ್ಥಿರ. ಆದರೆ ಅದು ನೀರಿನಲ್ಲಿ ಕರಗುವದು ಕಡಿಮೆ. ಕರಗದ ಔಷಧವು ಕರುಳಿನಿಂದ ರಕ್ತಕ್ಕೆ ಸೇರದೆ ವ್ಯರ್ಥವಾಗುವದು. ಎರಡು ರೂಪಗಳಲ್ಲಿಯೂ ಇರುವ ಮೂಲವಸ್ತುಗಳು ಒಂದೇ ಆದದ್ದರಿಂದ ಅವುಗಳನ್ನು ಅಳೆಯುವ ಸಾಮಾನ್ಯ ಪರೀಕ್ಷೆಯು ಭೇದವನ್ನು ತೋರಿಸಲಾರದು. ಕ್ಷಕಿರಣಗಳನ್ನು ಹಾಯಿಸಿ ನೋಡಬೇಕು.

ಮಕ್ಕಳಿಗೆ ಕಹಿಯಾಗದಂತೆ ಮಾಡಿದ ಕ್ಲೋರಾಂಫೆನಿಕಾಲ್ ಪಾಮಿಟೇಟ್ ಎಂಬ ಔಷಧದಲ್ಲಿ ಇದು 1960ರ ದಶಕದಲ್ಲಿ ಸ್ಪಷ್ಟವಾಯಿತು. ಅದರ ಒಂದು ರೂಪವು ಚೆನ್ನಾಗಿ ರಕ್ತಕ್ಕೆ ಸೇರುವದು. ಹೆಚ್ಚು ಸ್ಥಿರವಾದ ಇನ್ನೊಂದು ರೂಪವು ಬಹು ಅಲ್ಪವಾಗಿ ಸೇರುವದು. ಅದೇ ಸೀಸೆ, ಅದೇ ಹೆಸರು, ಅದೇ ಚಮಚದ ಅಳತೆ. ಆದರೂ ಮಗುವಿಗೆ ದೊರೆಯುವ ಮದ್ದು ಬೇರೆ.

ಇದಕ್ಕಿಂತ ಪ್ರಸಿದ್ಧವಾದದ್ದು ರಿಟೊನಾವಿರ್ ಎಂಬ ಔಷಧದ ವೃತ್ತಾಂತ. ಏಡ್ಸ್ ವ್ಯಾಧಿಯ ವೈರಸ್ಸು ವೃದ್ಧಿಯಾಗಲು ಬೇಕಾದ ಒಂದು ಕಿಣ್ವವನ್ನು ಇದು ತಡೆಯುವದು. ಅಮೇರಿಕದ ಅಬಟ್ ಕಂಪೆನಿಯವರು 1996ರಲ್ಲಿ ಇದನ್ನು ಕ್ಯಾಪ್ಸೂಲಾಗಿಯೂ ದ್ರವವಾಗಿಯೂ ಮಾರಾಟಕ್ಕೆ ತಂದರು. ಕ್ಯಾಪ್ಸೂಲಿನೊಳಗೂ ಔಷಧವು ಕರಗಿದ ಸ್ಥಿತಿಯಲ್ಲಿಯೇ ಇದ್ದುದರಿಂದ ಹರಳಿನ ಗೊಡವೆ ಬಾರದೆಂದು ಭಾವಿಸಿದ್ದರು. ಅವರಿಗೆ ತಿಳಿದಿದ್ದ ಹರಳುರೂಪವೂ ಒಂದೇ. ಸುಮಾರು 240 ಬ್ಯಾಚುಗಳು ತೊಂದರೆಯಿಲ್ಲದೆ ತಯಾರಾದವು.

1998ರಲ್ಲಿ ಕೆಲವು ಬ್ಯಾಚುಗಳು ಕರಗುವಿಕೆಯ ಪರೀಕ್ಷೆಯಲ್ಲಿ ಸೋತವು. ತೆರೆದು ನೋಡಲಾಗಿ ಒಳಗೆ ಹರಳುಗಳು ಕೂತಿದ್ದವು. ಅವು ಹಿಂದೆಂದೂ ಕಾಣದ ಎರಡನೆಯ ರೂಪದವು. ಮೊದಲನೆಯ ರೂಪದ ಲೆಕ್ಕಕ್ಕೆ ಸಲೀಸಾಗಿ ಕರಗಿ ನಿಲ್ಲಬಹುದಾಗಿದ್ದ ಪ್ರಮಾಣವು ಎರಡನೆಯದರ ಲೆಕ್ಕಕ್ಕೆ ಅನೇಕ ಪಟ್ಟು ಅತಿಯಾಗಿತ್ತು. ಬಳಿಕ ಕಚ್ಚಾ ಔಷಧದಲ್ಲಿಯೂ ಅದೇ ಕಾಣಿಸಿಕೊಂಡಿತು. ಅದು ಒಮ್ಮೆ ಹೊಕ್ಕ ಪ್ರಯೋಗಶಾಲೆಯಲ್ಲಿ ಮೊದಲಿನ ರೂಪವನ್ನು ಮಾಡಹೋದರೆ ಇದೇ ಬರುತ್ತಿತ್ತು. ಇದನ್ನು ಕೈಯಾರೆ ಮುಟ್ಟಿದ್ದ ತಜ್ಞರು ಇಟಲಿಯ ಕಾರ್ಖಾನೆಗೆ ಹೋಗಿ ಬಂದ ಸ್ವಲ್ಪ ಕಾಲದಲ್ಲಿಯೇ ಅಲ್ಲಿಯೂ ಕಂಡಿತು. ಸೋಂಕಿನಂತೆಯೇ ತೋರುವದು, ಆದರೆ ಇದರಲ್ಲಿ ಜೀವವಿಲ್ಲ, ಮಾಯೆಯೂ ಇಲ್ಲ. ಕಣ್ಣಿಗೆ ಕಾಣದ ಒಂದು ಕಣವು ಬಟ್ಟೆಯ ಮೇಲೋ ಗಾಳಿಯಲ್ಲೋ ಬಂದು ದ್ರಾವಣಕ್ಕೆ ಬಿದ್ದರೆ, ಪಾಕಕ್ಕೆ ಬಿದ್ದ ಸಕ್ಕರೆಯ ಹರಳಿನಂತೆ ಉಳಿದ ಅಣುಗಳಿಗೆ ಸಾಲುಹಿಡಿಯುವ ಮಾದರಿಯಾಗುವದು. ಅದಕ್ಕೆ ಬೀಜವೆಂಬ ಹೆಸರು ತಕ್ಕದ್ದೇ.

ಕ್ಯಾಪ್ಸೂಲುಗಳ ಸರಬರಾಜು ನಿಂತಿತು. ರೋಗಿಗಳಿಗೆ ಉಳಿದದ್ದು ಅತಿ ಕೆಟ್ಟ ರುಚಿಯ ದ್ರವವೊಂದೇ. ದಿನವೂ ತಪ್ಪದೆ, ಜೀವಮಾನವಿಡೀ ಸೇವಿಸಬೇಕಾದ ಔಷಧದಲ್ಲಿ ರುಚಿಯು ಸಣ್ಣ ಮಾತೆಂದು ಎಣಿಸುವವರು ರೋಗಿಯ ಆರೈಕೆ ಮಾಡಿದವರಲ್ಲವೆಂದೇ ನನ್ನ ಅಭಿಪ್ರಾಯ. 1999ರಲ್ಲಿ ಶೀತದಲ್ಲಿ ಕಾಪಾಡಬೇಕಾದ ಮೆದು ಕ್ಯಾಪ್ಸೂಲು ಬಂದಿತು.

ರೂಪವನ್ನು ಹತೋಟಿಯಲ್ಲಿಡುವ ಬಗೆ ಹೇಗೆ? ಯಾವ ದ್ರಾವಕದಲ್ಲಿ ಕರಗಿಸಬೇಕು, ಎಷ್ಟು ನಿಧಾನವಾಗಿ ತಣಿಸಬೇಕು ಎಂಬದನ್ನು ಮೊದಲೇ ಗೊತ್ತುಮಾಡುವರು. ಬೇಕಾದ ರೂಪದ ಬೀಜಗಳನ್ನು ತಕ್ಕ ಸಮಯದಲ್ಲಿ ಹಾಕುವರು. ರಿಟೊನಾವಿರ್‌ನಲ್ಲಿ ಈ ಕ್ರಮವನ್ನೇ ತಿರುವುಮುರುವು ಮಾಡಿದರು: ಮೊದಲನೆಯ ರೂಪದ ಹರಳುಗಳು ತುಂಬಿದ್ದ ದ್ರವಕ್ಕೆ ಔಷಧದ ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ಸುರಿದರು. ಹಾಗೆ ಮಾಡಿದಾಗ ಪ್ರತಿಯೊಂದು ಹನಿಯೂ ಬೇಕಾದ ಬೀಜಗಳ ನಡುವೆಯೇ ಬೀಳುವದು. ಬೇರೆ ರೂಪ ಹುಟ್ಟಲು ಎಡೆ ಕಡಿಮೆ. ಇಷ್ಟಕ್ಕೆ ಕೆಲಸ ಮುಗಿಯದು. ಒಣಗಿಸುವಾಗ, ಅರೆಯುವಾಗ, ಮಾತ್ರೆಯಾಗಿ ಒತ್ತುವಾಗ, ತೇವ ತಗಲಿದಾಗಲೂ ಕೆಲವು ಔಷಧಗಳ ರೂಪ ಬದಲಾಗಬಲ್ಲದು. ಆದುದರಿಂದ ರೂಪವು ಮುಖ್ಯವಾದ ಔಷಧಗಳಲ್ಲಿ ತಯಾರಿಕೆಯ ನಡುವೆಯೂ ಕೊನೆಯಲ್ಲಿಯೂ ಪರೀಕ್ಷಿಸುವರು. ಔಷಧ ಕಾರ್ಖಾನೆಗಳಲ್ಲಿ ಕೆಲಸಮಾಡುವ ವಿದ್ಯಾರ್ಥಿನಿಯರಿಗೆ ಇದು ನಿತ್ಯದ ಪರಿಪಾಠವಾಗಿರುವದು. ಬೇಸರ ತರುವ ಪರೀಕ್ಷೆಗಳೆಂದು ಪೋಷಕರು ಭಾವಿಸದಿರಲಿ.

2010ರಲ್ಲಿ ಬಂದ ರಿಟೊನಾವಿರ್ ಮಾತ್ರೆಗೆ ಶೀತಪೆಟ್ಟಿಗೆ ಬೇಡವಾಯಿತು. ಔಷಧವನ್ನು ಒಂದು ಪಾಲಿಮರಿನೊಡನೆ ಕರಗಿಸಿ ಬೆರಸಿ, ಅದರ ಅಣುಗಳು ಸಾಲುಗಟ್ಟದಂತೆ ಚದರಿಸಿಟ್ಟು ಆ ಮಾತ್ರೆಯನ್ನು ಮಾಡುವರು. 2021ರಲ್ಲಿ ಕೋವಿಡ್ ರೋಗಕ್ಕೆ ಕೊಡತೊಡಗಿದ ಒಂದು ಔಷಧದ ಜೊತೆಗೂ, ಅದು ದೇಹದಲ್ಲಿ ಬೇಗನೆ ನಾಶವಾಗದಿರಲೆಂದು, ಇದೇ ರಿಟೊನಾವಿರನ್ನು ಸೇರಿಸಿದರು. ಎರಡನೆಯ ರೂಪವು ಕಂಡು 24 ವರ್ಷಗಳಾದ ಮೇಲೆ ಇದರ ಮೂರನೆಯ ಹರಳುರೂಪವೊಂದು ಪ್ರಯೋಗಶಾಲೆಯಲ್ಲಿ ಕಂಡುಬಂದಿರುವದು.