ಸಣ್ಣ ಪರ್ಸಿನ ಅಳತೆಗೆ ಮುಂಬೈ

ಇಬ್ಬರು ಸ್ನೇಹಿತರು ಸೇರಿ ಊರು ಸುತ್ತಲು ಹೊರಟಾಗ ಖರ್ಚಿನ ಮಿತಿಯನ್ನು ಯಾರು ಹೇಳಬೇಕು? ಕಡಿಮೆ ಸಂಪಾದನೆ ಇರುವವರು. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ಸಂಬಳ ಹೆಚ್ಚಿರುವವರು ಯೋಜನೆ ಹಾಕುತ್ತಾರೆ, ಇನ್ನೊಬ್ಬರು ಸಂಕೋಚಕ್ಕೆ ಹೂಂಗುಟ್ಟುತ್ತಾರೆ, ಊರಿಗೆ ಬಂದ ಮೇಲೆ ತಿಂಗಳುಗಟ್ಟಲೆ ಕ್ರೆಡಿಟ್ ಕಾರ್ಡಿನ ಕಂತು ಕಟ್ಟುತ್ತಾರೆ. ಅದರಿಂದ ಸ್ನೇಹವೇನೂ ಮುರಿಯುವುದಿಲ್ಲ. ಆದರೆ ಮುಂದಿನ ಸಲ ಕರೆದಾಗ "ಮನೆಯಲ್ಲಿ ಕೆಲಸ ಉಂಟು" ಎಂಬ ಉತ್ತರ ಬರುತ್ತದೆ.

ಕಳೆದ ಡಿಸೆಂಬರ್‌ನಲ್ಲಿ, ಅಂದರೆ 2025ರ ಕ್ರಿಸ್‌ಮಸ್ ರಜೆಯಲ್ಲಿ, ಗೆಳತಿಯೊಬ್ಬಳ ಜೊತೆ ಉಡುಪಿಯಿಂದ ಮುಂಬೈಗೆ ಹೋಗಿಬಂದೆ. ನನಗೆ ತಿಂಗಳು ತಿಂಗಳು ಸಂಬಳ ಬರುತ್ತದೆ. ಅವಳು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ವರ್ಷದ ಕೆಲವು ತಿಂಗಳು ಕೈಗೆ ಏನೂ ಬರುವುದಿಲ್ಲ. ಯಶವಂತ ಚಿತ್ತಾಲರ 'ಶಿಕಾರಿ'ಯನ್ನು ಮಕ್ಕಳಿಗೆ ಪಾಠ ಮಾಡಿದವಳು ಆ ಕಾದಂಬರಿ ನಡೆಯುವ ಊರನ್ನೇ ಕಂಡಿರಲಿಲ್ಲ. ಹೋಗುವ ಮಾತು ಎದ್ದ ದಿನವೇ ಮೊತ್ತ ಎಷ್ಟು ಎಂದು ಕೇಳಿದೆ. "ನನ್ನ ಹತ್ತಿರ ಎಂಟು ಸಾವಿರ ಉಂಟು. ಅದರ ಮೇಲೆ ಆಗುವುದಿಲ್ಲ ಮಾರಾಯ್ತಿ" ಎಂದಳು. ಹಾಗಾದರೆ ನನ್ನದೂ ಎಂಟೇ ಎಂದೆ. ಎಲ್ಲಿಗೆ, ಯಾವಾಗ, ಯಾವ ಹೋಟೆಲು ಎಂಬುದೆಲ್ಲ ಆ ಎಂಟು ಸಾವಿರದ ಒಳಗೆ ಬಂದು ಕೂತವು.

ಮೊದಲು ತೀರ್ಮಾನವಾದದ್ದು ತಾರೀಕು. ಡಿಸೆಂಬರ್ 31ರ ರಾತ್ರಿ ಮುಂಬೈಯಲ್ಲಿ ಇರಬಾರದು ಎಂದುಕೊಂಡೆವು. ಆ ಒಂದು ರಾತ್ರಿಗೆ ಕೋಣೆಯ ಬಾಡಿಗೆ ಏರುತ್ತದೆ, ಕೆಲವು ಹೋಟೆಲುಗಳಲ್ಲಿ ಹೊಸ ವರ್ಷದ ಊಟದ ಹಣವನ್ನೂ ಬಾಡಿಗೆಯ ಜೊತೆ ಕಡ್ಡಾಯವಾಗಿ ಕಟ್ಟಬೇಕು. ಕ್ರಿಸ್‌ಮಸ್ ಮುಗಿದ ಮಾರನೆಯ ದಿನ ಹೊರಟು, ವರ್ಷ ಮುಗಿಯುವ ಮೊದಲೇ ಮನೆ ಸೇರಿದರೆ ಬೀದಿಯ ದೀಪಾಲಂಕಾರವೂ ಸಿಗುತ್ತದೆ, ಹಣವೂ ಉಳಿಯುತ್ತದೆ.

ರೈಲಿನಲ್ಲಿ ಕಷ್ಟವಾಗುವುದು ಹೋಗುವ ಟಿಕೆಟ್ಟಲ್ಲ, ಬರುವ ಟಿಕೆಟ್ಟು. ನಮ್ಮ ಕರಾವಳಿಯವರಿಗೆ ಮತ್ಸ್ಯಗಂಧ ಎಂದರೆ ಮನೆಯ ಗಾಡಿ; ಕೊಂಕಣ ರೈಲು ಶುರುವಾದ 1998ರಿಂದಲೂ ಓಡುತ್ತಿದೆ. ಆದರೆ ಡಿಸೆಂಬರ್ ಕೊನೆಯಲ್ಲಿ ಮುಂಬೈಯಿಂದ ಹೊರಡುವ ಅದೇ ಗಾಡಿಗೆ ಊರಿಗೆ ಬರುವವರ ಜೊತೆ ಗೋವಾಕ್ಕೆ ಹೊಸ ವರ್ಷ ಆಚರಿಸಲು ಹೋಗುವವರೂ ಹತ್ತುತ್ತಾರೆ. ಮಡಗಾಂವ್ ಬರುವ ತನಕ ಕಾಲಿಡಲು ಜಾಗ ಇರುವುದಿಲ್ಲ. ಆದ್ದರಿಂದ ಮರಳುವ ಟಿಕೆಟ್ ಖಾತ್ರಿಯಾಗುವ ತನಕ ಕೋಣೆಗೆ ಒಂದು ಪೈಸೆಯನ್ನೂ ಕಟ್ಟಲಿಲ್ಲ. ಎರಡೂ ಕಡೆ ಸ್ಲೀಪರ್ ದರ್ಜೆ. ಡಿಸೆಂಬರ್‌ನ ತಂಪಿನಲ್ಲಿ ಎಸಿ ಬೋಗಿಗೆ ದುಪ್ಪಟ್ಟಿಗಿಂತ ಹೆಚ್ಚು ಕೊಡಲು ನನಗೆ ಕಾರಣ ಕಾಣುವುದಿಲ್ಲ.

ಇನ್ನು ಉಳಿಯುವ ಜಾಗ. ದಕ್ಷಿಣ ಕನ್ನಡ, ಉಡುಪಿಯವರಿಗೆ ಮುಂಬೈಯಲ್ಲಿ ಒಬ್ಬರಾದರೂ ಬಂಧುಗಳು ಇದ್ದೇ ಇರುತ್ತಾರೆ. ಗೆಳತಿಯ ಚಿಕ್ಕಮ್ಮ ಡೊಂಬಿವಲಿಯಲ್ಲಿದ್ದಾರೆ. ಅಲ್ಲೇ ಇರಬಹುದಲ್ಲ, ಬಾಡಿಗೆ ಉಳಿಯಿತಲ್ಲ ಎಂದು ಮನೆಯವರೆಲ್ಲ ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ಒಂದೇ ಕೋಣೆಯ ಮನೆಯಲ್ಲಿ ನಾಲ್ವರು ಬದುಕುವ ಕಡೆ ಇನ್ನಿಬ್ಬರು ಹೋಗಿ ಮಲಗಿದರೆ ಆ ಮನೆಯವರ ನಿದ್ದೆ, ನೀರು, ಬೆಳಗಿನ ಧಾವಂತ ಎಲ್ಲದರ ಮೇಲೂ ಹೊರೆ ಬೀಳುತ್ತದೆ. ಒಂದು ಮಧ್ಯಾಹ್ನ ಕುಚ್ಚಲಕ್ಕಿ, ಹಪ್ಪಳ, ಮಟ್ಟುಗುಳ್ಳ ಹಿಡಿದುಕೊಂಡು ಹೋಗಿ ಮಾತಾಡಿಸಿ ಬಂದೆವು. ಚಿಕ್ಕಮ್ಮನಿಗೂ ಅದೇ ಹೆಚ್ಚು ಖುಷಿಯಾದಂತೆ ಕಂಡಿತು.

ಕೋಣೆ ಹಿಡಿದದ್ದು ಮಾಟುಂಗದಲ್ಲಿ. ದಿನಕ್ಕೆ 2,400 ರೂಪಾಯಿ, ಮೇಲೆ ಶೇ 5 ಜಿಎಸ್‌ಟಿ ಸೇರಿ 2,520. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಮೊದಲು ಶೇ 12 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಕೋಣೆ ಹಿಡಿಯುವಾಗ ಹಳೆಯ ದರ ಹಾಕಿಲ್ಲವೇ ಎಂದು ಬಿಲ್ಲಿನಲ್ಲಿ ಒಮ್ಮೆ ನೋಡಿಕೊಳ್ಳಿ. ಕೊಲಾಬಾದ ಕಡೆ ಇದೇ ಹಣಕ್ಕೆ ಕಿಟಕಿಯಿಲ್ಲದ ಗೂಡು ಸಿಗುತ್ತಿತ್ತು. ಮಾಟುಂಗದಲ್ಲಿ ಲೋಕಲ್ ರೈಲು ಪಕ್ಕದಲ್ಲೇ ಇದೆ. ಎರಡನೇ ದರ್ಜೆಯ ಕನಿಷ್ಠ ಟಿಕೆಟ್ 5 ರೂಪಾಯಿ. ಬೆಳಗಿನ ನೂಕುನುಗ್ಗಲು ಇಳಿಯಲಿ ಎಂದು ಹನ್ನೊಂದರ ಮೇಲೆ ಮಹಿಳೆಯರ ಡಬ್ಬಿ ಹತ್ತುತ್ತಿದ್ದೆವು. ಆರೆಯಿಂದ ಕಫ್ ಪರೇಡ್‌ವರೆಗಿನ ಭೂಗತ ಮೆಟ್ರೊ 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ತೆರೆದಿದೆ; ಟಿಕೆಟ್ 10ರಿಂದ 70 ರೂಪಾಯಿ. ಕಪ್ಪು-ಹಳದಿ ಟ್ಯಾಕ್ಸಿಯ ಕನಿಷ್ಠ ದರ 31 ರೂಪಾಯಿ. ಆಟೋಗಳಿಗೆ ಸಯನ್, ಬಾಂದ್ರಾ ದಾಟಿ ದಕ್ಷಿಣಕ್ಕೆ ಬರಲು ಪರವಾನಗಿ ಇಲ್ಲ. ಹಾಗಾಗಿ ಕುರ್ಲಾ ಟರ್ಮಿನಸ್‌ನಲ್ಲಿ ಇಳಿದು ಮಾಟುಂಗಕ್ಕೆ ಬರುವಾಗ ಆಟೋದವರ ಬಳಿ ಚೌಕಾಸಿಗೆ ನಿಲ್ಲದೆ ನೇರವಾಗಿ ಟ್ಯಾಕ್ಸಿ ಹಿಡಿಯಿರಿ.

ಮಾಟುಂಗ ಎಂದ ಮೇಲೆ ಊಟದ ಮಾತು ಬರಲೇಬೇಕು. ನಿಲ್ದಾಣದ ಪಕ್ಕದಲ್ಲೇ, ಮಾಳಿಗೆಯ ಮೇಲೆ, ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಮೊದಲು ಹಣ ಕಟ್ಟಿ, ಸರದಿಯಲ್ಲಿ ಕೂತು, ಹೆಸರು ಕರೆದಾಗ ಒಳಗೆ ಹೋಗಬೇಕು. ಬಾಳೆ ಎಲೆಯ ಮೇಲೆ ಪಲ್ಯ ಬೀಳುತ್ತದೆ, ಬಿಸಿ ಅನ್ನಕ್ಕೆ ಸಾರು, ಆಮೇಲೆ ಸಾಂಬಾರು, ಕೊನೆಗೆ ಮಜ್ಜಿಗೆ. ಬಡಿಸುವವರು ಬಕೆಟ್ಟು ಹಿಡಿದು ಸಾಲು ಮುಗಿಸಿ ಮತ್ತೆ ಮೊದಲಿಗೆ ಬರುತ್ತಾರೆ. ಪಕ್ಕದಲ್ಲಿ ಕೂತ ಗುಜರಾತಿ ಅಜ್ಜ ಸಾರನ್ನು ಬಟ್ಟಲಲ್ಲಿ ಹಾಕಿಸಿಕೊಂಡು ಕುಡಿಯುತ್ತಿದ್ದರು. ಗೆಳತಿ ಮೂರನೇ ಸಲ ಅನ್ನ ಹಾಕಿಸಿಕೊಂಡಳು. ಹೀಗೆ ಮಧ್ಯಾಹ್ನ ಹೊಟ್ಟೆ ತುಂಬ ಉಂಡರೆ ರಾತ್ರಿಗೆ ಇಡ್ಲಿ-ಕಾಫಿ ಸಾಕು.

ಇಬ್ಬರ ಖರ್ಚನ್ನು ನಡೆಸಿದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜಗಳ ಹುಟ್ಟುವುದು ಇಲ್ಲೇ. ಕೋಣೆ ಮತ್ತು ರೈಲಿಗೆ ಅರ್ಧ ಅರ್ಧ ಮೊದಲೇ ಕೊಟ್ಟುಬಿಟ್ಟಿದ್ದೆವು. ಉಳಿದದ್ದರಲ್ಲಿ ಊಟ, ಚಹಾ, ಟ್ಯಾಕ್ಸಿಗೆಂದು ತಲಾ 2,500 ತೆಗೆದು ನನ್ನ ಫೋನಿನ ಯುಪಿಐ ಲೈಟ್‌ಗೆ ತುಂಬಿದೆವು. ಅದರಲ್ಲಿ ಒಮ್ಮೆಗೆ 5,000 ರೂಪಾಯಿವರೆಗೆ ಇಡಬಹುದು, ಒಂದು ಪಾವತಿ 1,000 ದಾಟುವಂತಿಲ್ಲ, ಪಿನ್ ಒತ್ತಬೇಕಿಲ್ಲ. ಹಣ ಕಡಿಮೆಯಾದಾಗ ತಾನಾಗಿ ತುಂಬಿಕೊಳ್ಳುವ ಸೌಲಭ್ಯವೂ ಅದರಲ್ಲಿದೆ. ಅದನ್ನು ಆಫ್ ಮಾಡಿಡಿ. ಎಷ್ಟು ಉಳಿದಿದೆ ಎಂಬುದು ಇಬ್ಬರಿಗೂ ಕಣ್ಣೆದುರು ಇರಬೇಕು. ರಾತ್ರಿ ಮಲಗುವ ಮುನ್ನ ಫೋನನ್ನು ಅವಳ ಕೈಗೆ ಕೊಟ್ಟು ನೋಡು ಎನ್ನುತ್ತಿದ್ದೆ. "ನಾಳೆ ಟ್ಯಾಕ್ಸಿ ಬೇಡ, ಬಸ್ಸಲ್ಲಿ ಹೋಗುವ" ಎಂದು ಅವಳೇ ಹೇಳಿದ ದಿನವೂ ಇತ್ತು.

ನೀನು ಈಗ ಕೊಡು, ಆಮೇಲೆ ನೋಡಿಕೊಳ್ಳೋಣ ಎಂಬ ಪದ್ಧತಿ ನನಗೆ ಇಷ್ಟವಿಲ್ಲ. 'ಆಮೇಲೆ' ಬಂದಾಗ ಕೇಳುವವರಿಗೂ ಮುಜುಗರ, ಕೊಡುವವರಿಗೂ ಮುಜುಗರ. ಮೊದಲಾದರೆ ಯುಪಿಐನಲ್ಲಿ ಗೆಳೆಯರಿಗೆ ಹಣ ಕೇಳುವ ಕೋರಿಕೆ ಕಳಿಸಬಹುದಿತ್ತು. ವಂಚಕರು ಅದನ್ನು ದುರುಪಯೋಗ ಮಾಡಿಕೊಂಡದ್ದರಿಂದ 2025ರ ಅಕ್ಟೋಬರ್ 1ರಿಂದ ಅದೂ ನಿಂತಿದೆ.

ಸ್ವಂತ ಆಸೆಗಳಿಗೆ ಜಂಟಿ ಹಣ ಮುಟ್ಟುವಂತಿಲ್ಲ. ಅವಳು ಫ್ಲೋರಾ ಫೌಂಟನ್ ಬಳಿಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಆರಿಸಿದ್ದು ಅವಳ ಪರ್ಸಿನಿಂದ, ನಾನು ದಾದರ್‌ನಲ್ಲಿ ಅಮ್ಮನಿಗೆ ಸೀರೆ ತಂದದ್ದು ನನ್ನದರಿಂದ. ಗೇಟ್‌ವೇ ಎದುರಿನ ದೊಡ್ಡ ಹೋಟೆಲಿನಲ್ಲಿ ಕೂತು ಚಹಾ ಕುಡಿಯುವ ಆಸೆ ನನಗಿತ್ತು. ಅವಳು ಜಹಾಂಗೀರ್ ಆರ್ಟ್ ಗ್ಯಾಲರಿ ನೋಡುತ್ತಿದ್ದ ಹೊತ್ತಿನಲ್ಲಿ ಒಬ್ಬಳೇ ಹೋಗಿ ಕುಡಿದು ಬಂದೆ. ಅವಳನ್ನು ಕರೆದುಕೊಂಡು ಹೋಗಿ ನಾನೇ ಹಣ ಕೊಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಕೊಡುವುದಿದ್ದರೆ ಹೊರಡುವ ಮೊದಲೇ ಇದು ನನ್ನ ಕಡೆಯಿಂದ ಎಂದು ಹೇಳಬೇಕು. ನಡುದಾರಿಯಲ್ಲಿ ಉದಾರಿಯಾದರೆ ಎದುರಿನವರಿಗೆ ಅದನ್ನು ತೀರಿಸುವ ಭಾರ ಉಳಿಯುತ್ತದೆ.

ಗ್ಯಾಲರಿಗೆ ಪ್ರವೇಶ ಉಚಿತ. ಉಡುಪಿ ಸಮೀಪದ ಕಟ್ಟಿಂಗೇರಿಯಿಂದ ಬಂದು ಇದೇ ನಗರದ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು ದೊಡ್ಡ ಕಲಾವಿದರಾದ ಕೆ.ಕೆ. ಹೆಬ್ಬಾರರ ಬಗ್ಗೆ ಗೆಳತಿ ದಾರಿಯುದ್ದಕ್ಕೂ ಹೇಳಿದಳು. ಮರೀನ್ ಡ್ರೈವ್, ಓವಲ್ ಮೈದಾನದ ಎರಡೂ ಬದಿಯ ಕಟ್ಟಡಗಳು, ಬಾಂದ್ರಾದ ಹಿಲ್ ರೋಡಿನ ಕ್ರಿಸ್‌ಮಸ್ ದೀಪಗಳು, ಯಾವುದಕ್ಕೂ ಟಿಕೆಟ್ಟಿಲ್ಲ. ಎಲಿಫೆಂಟಾ ಗುಹೆಗೆ ಹೋಗುವವರು ಸೋಮವಾರ ಬಿಟ್ಟು ಹೋಗಿ, ಅಂದು ಬಾಗಿಲು ಹಾಕಿರುತ್ತದೆ.

ಊರಿಗೆ ಬಂದು ಲೆಕ್ಕ ನೋಡಿದಾಗ ಅರ್ಧದಷ್ಟು ಕೋಣೆಗೇ ಹೋಗಿತ್ತು. ಯುಪಿಐ ಲೈಟ್‌ನಲ್ಲಿ ಮಿಕ್ಕ ಹಣವನ್ನು ಎರಡು ಪಾಲು ಮಾಡಿ ಅವಳದನ್ನು ಅವಳ ಖಾತೆಗೆ ಹಾಕಿದೆ. ಈ ವರ್ಷ ಎಲ್ಲಿಗೆ ಎಂದು ಈಗಾಗಲೇ ಅವಳೇ ಕೇಳುತ್ತಿದ್ದಾಳೆ.

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಡಿಸೆಂಬರ್ 26ರ ಗಾಡಿಗೆ ಅಕ್ಟೋಬರ್ 27ರ ಬೆಳಿಗ್ಗೆ 8 ಗಂಟೆಗೆ. ಅದಕ್ಕೂ ಮೊದಲೇ ಜೊತೆಗೆ ಬರುವವರನ್ನು ಕೂರಿಸಿಕೊಂಡು ಅವರ ಮೊತ್ತ ಎಷ್ಟು ಎಂದು ಕೇಳಿ. ನಿಮ್ಮದನ್ನು ಆಮೇಲೆ ಹೇಳಿ.