ಕಡಲಿನ ಮೀನನ್ನು ತೊಟ್ಟಿಯಲ್ಲಿ ಹುಟ್ಟಿಸುವ ವಿದ್ಯೆ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವದು ಅನೇಕರಿಗೆ ಪ್ರಿಯವಾದ ವಿನೋದವಾಗಿದೆ. ಸಿಹಿನೀರಿನ ಅಲಂಕಾರದ ಮೀನುಗಳಲ್ಲಿ ಹೆಚ್ಚಿನವು ಸಾಕಣೆಯ ಕೊಳಗಳಲ್ಲಿಯೇ ಹುಟ್ಟಿದವು. ಕಡಲಿನ ಮೀನುಗಳಾದರೋ ಬಹುಮಟ್ಟಿಗೆ ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದು ತಂದವುಗಳೇ. ಕೆಲವು ದೇಶಗಳಲ್ಲಿ ಸಯನೈಡ್ ಎಂಬ ವಿಷವನ್ನು ಚಿಮುಕಿಸಿ, ಮೀನುಗಳನ್ನು ಮಂಕುಗೊಳಿಸಿ ಹಿಡಿಯುವದುಂಟು. ಇದರಿಂದ ಹವಳವು ಸಾಯುವದು. ಹಿಡಿದ ಮೀನೂ ಅನೇಕ ವೇಳೆ ಹೆಚ್ಚುಕಾಲ ಬದುಕದು. ಆದ್ದರಿಂದ ಈ ಮೀನುಗಳನ್ನು ತೊಟ್ಟಿಯಲ್ಲಿಯೇ ಹುಟ್ಟಿಸುವ ಕ್ರಮವನ್ನು ನಮ್ಮ ವಿದ್ಯಾರ್ಥಿನಿಯರು ತಿಳಿದಿರುವದು ಒಳ್ಳೇದು.

ಇದಕ್ಕೆ ಕ್ಲೌನ್ ಮೀನು ತಕ್ಕ ಉದಾಹರಣೆಯಾಗಿದೆ. ಕಿತ್ತಳೆ ಬಣ್ಣದ ಮೈಯಲ್ಲಿ ಮೂರು ಬಿಳಿಯ ಪಟ್ಟೆಗಳುಳ್ಳ ಈ ಪುಟ್ಟ ಮೀನು, ಕಡಲಹೂವೆಂಬ ಕುಟುಕುವ ಪ್ರಾಣಿಯ ಆಶ್ರಯದಲ್ಲಿ ನಿರ್ಭಯವಾಗಿ ವಾಸಿಸುತ್ತದೆ. ಇದರ ಮರಿಗಳೆಲ್ಲವೂ ಮೊದಲು ಗಂಡಾಗಿಯೇ ಬೆಳೆಯುವವು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುವದು. ಅದು ಸತ್ತರೆ ಅದರ ಜೊತೆಯ ಗಂಡೇ ಹೆಣ್ಣಾಗಿ ಮಾರ್ಪಡುವದು. ಆದಕಾರಣ ಎಳೆಯ ಮೀನುಗಳೆರಡನ್ನು ಕೂಡಿಸಿ ಸಾಕಿದರೆ ಸಾಮಾನ್ಯವಾಗಿ ಅವು ತಾವೇ ಜೋಡಿಯಾಗುವವು.

ಜೋಡಿಯು ನೆಮ್ಮದಿಯಿಂದಿರಬೇಕಾದರೆ ನೀರು ಸ್ಥಿರವಾಗಿರಬೇಕು. ಲೀಟರಿಗೆ ಸುಮಾರು 35 ಗ್ರಾಂ ಕಡಲಿನ ಲವಣಗಳೂ 26ರಿಂದ 28 ಡಿಗ್ರಿ ಸೆಂಟಿಗ್ರೇಡ್ ಶಾಖವೂ ತಕ್ಕವು. ಬರಿಯ ಅಡಿಗೆಯ ಉಪ್ಪು ಸಾಲದು. ನೀರು ಆವಿಯಾದಾಗ ಲವಣವು ಹಿಂದೆ ಉಳಿಯುವದರಿಂದ, ಕಡಮೆಯಾದಷ್ಟನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು.

ತಾಯಿಯು ಕಲ್ಲಿನ ಮೇಲೆ ಅಥವಾ ಮಣ್ಣಿನ ಕುಂಡದ ಗೋಡೆಯ ಮೇಲೆ ನೂರಾರು ಮೊಟ್ಟೆಗಳನ್ನು ಅಂಟಿಸುತ್ತದೆ. ಅವುಗಳನ್ನು ಕಾಯುವದು ಮುಖ್ಯವಾಗಿ ತಂದೆಯ ಕೆಲಸ. ಅದು ರೆಕ್ಕೆಗಳಿಂದ ನೀರನ್ನು ಬೀಸಿ, ಕೆಟ್ಟ ಮೊಟ್ಟೆಗಳನ್ನು ಬಾಯಿಂದ ತೆಗೆದುಹಾಕುವದು. ಮೊದಲು ಕಿತ್ತಳೆ ಬಣ್ಣವಾಗಿದ್ದ ಮೊಟ್ಟೆಗಳು ದಿನೇ ದಿನೇ ಕಪ್ಪಾಗಿ, ಕಡೆಗೆ ಅವುಗಳೊಳಗೆ ಬೆಳ್ಳಿಯಂತೆ ಹೊಳೆಯುವ ಕಣ್ಣುಗಳು ಕಾಣುವವು. ಸುಮಾರು ಒಂದು ವಾರವಾದ ಮೇಲೆ, ಕತ್ತಲಾದ ಸ್ವಲ್ಪ ಹೊತ್ತಿನಲ್ಲಿ ಮರಿಗಳು ಹೊರಬರುತ್ತವೆ.

ನಿಜವಾದ ಕಷ್ಟವು ಇಲ್ಲಿಂದಲೇ ಪ್ರಾರಂಭ. ನಮ್ಮ ವಿಜ್ಞಾನದ ಕೋಣೆಯಲ್ಲಿ ಮೊದಲನೆಯ ಸಲ ಮರಿಗಳಾದಾಗ ಹುಡುಗಿಯರ ಸಂತೋಷಕ್ಕೆ ಪಾರವಿರಲಿಲ್ಲ. ಅವುಗಳಿಗೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿಮಾಡಿ ಹಾಕಿದೆವು. ಮರಿಗಳು ಅದನ್ನು ಮುಟ್ಟಲಿಲ್ಲ; ನೀರು ಮಾತ್ರ ಕೆಟ್ಟಿತು. ನಾಲ್ಕನೆಯ ಬೆಳಿಗ್ಗೆ ಒಂದಾದರೂ ಉಳಿದಿರಲಿಲ್ಲ. ತಪ್ಪು ನಮ್ಮದೇ. ಚಲಿಸುವ ಜೀವಂತ ಆಹಾರವನ್ನೇ ಅವು ಹುಡುಕುವವೆಂಬದನ್ನು ನಾವು ಮುಂಚಿತವಾಗಿ ಕಲಿಯಬೇಕಾಗಿತ್ತು.

ಆ ಆಹಾರವು ರೋಟಿಫರ್ ಎಂಬ ಸೂಕ್ಷ್ಮಜೀವಿ. ಅದರ ಉದ್ದವು ಮಿಲಿಮೀಟರಿನ ಹತ್ತರಲ್ಲಿ ಎರಡು ಪಾಲಿನಷ್ಟು. ಅದಕ್ಕೆ ಹಸುರಾದ ಸೂಕ್ಷ್ಮಪಾಚಿಯು ಆಹಾರ. ಹೀಗೆ ಮೀನನ್ನು ಸಾಕಬೇಕಾದರೆ ಮೊದಲು ಪಾಚಿಯನ್ನೂ, ಆಮೇಲೆ ರೋಟಿಫರುಗಳನ್ನೂ ಬೆಳೆಸಿ ಸಿದ್ಧವಾಗಿಟ್ಟುಕೊಳ್ಳಬೇಕು. ಕೆಲವು ದಿವಸಗಳ ಮೇಲೆ ಆಗತಾನೇ ಒಡೆದ ಆರ್ಟೀಮಿಯಾ ಸೀಗಡಿಯ ಮರಿಗಳನ್ನು ಕೊಡಬಹುದು. ಎರಡು ವಾರಗಳೊಳಗಾಗಿ ಬಿಳಿಯ ಪಟ್ಟೆಗಳು ಮೂಡತೊಡಗುವವು. ಈ ಕ್ರಮವನ್ನು ಅನುಸರಿಸಿದ ಮೇಲೆ ನಮ್ಮ ಮೂರನೆಯ ಪ್ರಯತ್ನದಲ್ಲಿ ಹನ್ನೊಂದು ಮರಿಗಳು ಉಳಿದವು.

ಎಲ್ಲಾ ಜಾತಿಗಳೂ ಇಷ್ಟು ಸುಲಭವಲ್ಲ. ಹಳದಿ ಟ್ಯಾಂಗ್ ಮೀನು ಮೊಟ್ಟೆಗಳನ್ನು ತೆರೆದ ನೀರಿನಲ್ಲಿ ಬಿಟ್ಟುಬಿಡುವದು. ಅದರ ಮರಿಗಳು ಅತಿ ಸೂಕ್ಷ್ಮವಾದವು. ಬಹುಕಾಲದ ಶ್ರಮದ ತರುವಾಯ 2015ರಲ್ಲಿ ಹವಾಯಿಯ ಸಂಶೋಧಕರು ಅವುಗಳನ್ನು ಬೆಳೆಸಿದರು. ನೀಲಿ ಟ್ಯಾಂಗ್ ಮೀನನ್ನು 2016ರಲ್ಲಿ ಫ್ಲೋರಿಡಾದಲ್ಲಿ ಬೆಳೆಸಲಾಯಿತು. ನಮ್ಮ ದೇಶದಲ್ಲಿಯೂ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ಮಂಡಪದಲ್ಲಿ ಕ್ಲೌನ್ ಮೀನುಗಳನ್ನು ಹುಟ್ಟಿಸಿ ಬೆಳೆಸಿದ್ದಾರೆ.

ಆದರೂ ಕಡಲಿನಿಂದ ಮೀನು ಹಿಡಿಯುವವರನ್ನೆಲ್ಲಾ ದೂಷಿಸುವದು ನ್ಯಾಯವಲ್ಲ. ಬಲೆಯಿಂದ ಮಿತವಾಗಿ ಹಿಡಿದು ಜೀವಿಸುವ ಬಡ ಕುಟುಂಬಗಳೂ ಉಂಟು. ಹವಳದ ದಿಬ್ಬವು ಉಳಿದರೆ ಮಾತ್ರ ಅವರ ಅನ್ನವೂ ಉಳಿಯುವದು. ಕೊಳ್ಳುವವರಾದ ನಾವು, ಈ ಮೀನು ಎಲ್ಲಿ ಹುಟ್ಟಿತು, ಹೇಗೆ ಹಿಡಿಯಲ್ಪಟ್ಟಿತು ಎಂದು ಮೊದಲು ವಿಚಾರಿಸೋಣ. ಸಾಕಲು ಮನಸ್ಸುಳ್ಳ ಹುಡುಗಿಯರು ಮೀನಿಗಿಂತ ಮುಂಚೆ ಒಂದು ಸೀಸೆ ಹಸುರು ನೀರನ್ನು ಬೆಳೆಸಿ ನೋಡಲಿ. ಅದನ್ನು ಒಂದು ತಿಂಗಳು ಕೆಡದಂತೆ ಕಾಪಾಡಬಲ್ಲವಳ ಕೈಗೆ ಮೀನುಗಳ ಜೋಡಿಯನ್ನು ಒಪ್ಪಿಸಲು ನಾವು ಹಿಂಜರಿಯೆವು.